ಗಂಡನ ಹೆಸರಿನ ಜಾಗ

ಫೆಬ್ರವರಿ 28, 2005, ಸೋಮವಾರ

ಮತ್ತೆ ಕೂತುಬಿಟ್ಟಿತು. ಹತ್ತೂವರೆಯ ಹೊತ್ತಿಗೆ ಸರ್ವರ್‌ನ ಸಿಪಿಯು ಮೇಲಿನ ಹೊರೆ ನೂರಕ್ಕೆ ನೂರು ಮುಟ್ಟಿ ಅಲ್ಲೇ ಗೂಟ ಹೊಡೆದುಕೊಂಡು ನಿಂತಿತು. ಇಲ್ಲಿ ಕೊಟ್ಟೂರಿನ ಆಸ್ಪತ್ರೆಯ ಕೌಂಟರಿನಲ್ಲಷ್ಟೇ ಅಲ್ಲ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಲ್ಲಿರುವ ನಮ್ಮ ಟ್ರಸ್ಟಿನ ದವಾಖಾನೆಗಳಲ್ಲೂ ಪರದೆಗಳು ಬೆಳ್ಳಗಾದವು. ನಾಲ್ಕೂ ಕಡೆಯಿಂದ ಫೋನು, ಒಂದೇ ಪ್ರಶ್ನೆ: “ಮೇಡಂ, ಯಾವಾಗ ಬರ್ತೈತ್ರಿ?” ಗೊತ್ತಿದ್ದರೆ ನಾನೇಕೆ ಇಲ್ಲಿ ಬೆವರೊರೆಸಿಕೊಳ್ಳುತ್ತಾ ಕೂರುತ್ತಿದ್ದೆ?

ಜಾವಾ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದೆ. ಅರ್ಧ ಗಂಟೆ ಒಳ್ಳೆಯ ಹುಡುಗನ ಹಾಗೆ ನಡೆದು ಮತ್ತೆ ಅದೇ ಹಾಡು. ಮಧ್ಯಾಹ್ನದ ಮೇಲೆ ಮಂದಿ ಕರಗಿದ ಹಾಗೆ ಅದೂ ತಾನಾಗಿಯೇ ತಣ್ಣಗಾಯಿತು.

ಕಾರ್ಯದರ್ಶಿ ಅಜ್ಜಯ್ಯನವರು ಸರ್ವರ್ ಕೋಣೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟೇ ಬರುತ್ತಾರೆ, ಪಾಪ. “ಸುಮಲತಾ ಅವರ, ಚೀಟಿ ಬರೆಯೋ ಕಾಲದಾಗ ಮಂದಿ ಇಷ್ಟೊತ್ತು ನಿಂದ್ರತಿರಲಿಲ್ಲರಿ. ಬಾಣಂತೇರು ವರಾಂಡದಾಗ ನೆಲದ ಮ್ಯಾಲ ಕುಂತಾರ, ನೋಡಾಕ ಆಗವಲ್ದು” ಎಂದರು. ಆಮೇಲೆ ದನಿ ಇಳಿಸಿ, “ಏಪ್ರಿಲ್ ಆರಕ್ಕ ಟ್ರಸ್ಟಿನ ಮೀಟಿಂಗ್ ಐತಿ. ಅಷ್ಟರಾಗ ಸರಿ ಆಗಲಿಲ್ಲಂದ್ರ ಇವನ್ನೆಲ್ಲಾ ಬಟ್ಟಿ ಮುಚ್ಚಿ ಇಡೋದ. ನಿಮಗೂ ಕೆಲಸ ಇರಂಗಿಲ್ಲ, ಆ ಕೌಂಟರಿನ ಶೃತಿಗೂ ಇರಂಗಿಲ್ಲ. ಆಕಿ ಅದರಾಗ ಇಸ್ಪೀಟು ಆಡ್ತಾಳಂತ ಯಾರೋ ಅಂದ್ರು, ಸ್ವಲ್ಪ ನೋಡ್ರಿ.”

ನೋಡುತ್ತೇನೆ ಅಂದೆ. ಈ ಊರು, ಈ ಸೆಕೆ, ಈ ಡಬ್ಬಿ, ಯಾವುದೂ ಬೇಡವಾಗಿದೆ. ಇದೊಂದು ಸರಿಯಾದರೆ ಸಾಕು, ಗಂಟುಮೂಟೆ ಕಟ್ಟಿ ಗುಲ್ಬರ್ಗಕ್ಕೆ ಇವರ ಹತ್ತಿರ ಹೋಗಿಬಿಡುತ್ತೇನೆ.

ಮಾರ್ಚ್ 3, ಗುರುವಾರ

ಸಾಫ್ಟ್‌ವೇರ್ ಬರೆದುಕೊಟ್ಟ ಬೆಂಗಳೂರಿನ ಕಂಪನಿಗೆ ಫೋನ್ ಹತ್ತಿತು. ಹತ್ತಿದ್ದೇ ದೊಡ್ಡದು. ಎತ್ತಿಕೊಂಡ ಹುಡುಗ ನಾನು ಮಾತು ಮುಗಿಸುವ ಮೊದಲೇ “ಮೆಮೊರಿ ಜಾಸ್ತಿ ಮಾಡಿ” ಎಂದ. ಜಾವಾಕ್ಕೆ ಇನ್ನಷ್ಟು ಮೆಮೊರಿ ಬಿಟ್ಟುಕೊಟ್ಟೆ. ಇವತ್ತು ಏನೂ ತೊಂದರೆಯಾಗಲಿಲ್ಲ. ಆದರೆ ಗುರುವಾರ ಯಾವತ್ತೂ ತೊಂದರೆ ಆಗಿಲ್ಲ, ಸುಮ್ಮನೆ ಯಾಕೆ ಹಿಗ್ಗಲಿ?

ಶೃತಿಯ ಕಂಪ್ಯೂಟರಿನಲ್ಲಿ ಇಸ್ಪೀಟಿನ ಆಟ ಇದೆ, ನಿಜ. ಎಲ್ಲರದರಲ್ಲೂ ಇದೆ. ಅಳಿಸಿಹಾಕಿದೆ. ಅವಳು ನೋಡುತ್ತಾ ನಿಂತಿದ್ದಳು. ಎರಡು ಮಕ್ಕಳ ತಾಯಿ, ಗಂಡ ಕುರಿ ಹೊಡೆದುಕೊಂಡು ಹೊಳೆ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಈ ಸಂಬಳದ ಮೇಲೆಯೇ ಅವಳ ಮನೆ ನಿಂತಿದೆ ಅಂತ ನನಗೂ ಗೊತ್ತು.

ಮಾರ್ಚ್ 6, ಭಾನುವಾರ

ಇವರು ಫೋನ್ ಮಾಡಿದ್ದರು. ಫೋನ್ ಇರುವುದು ಕೆಳಗೆ ಮನೆಯ ಓನರ್ ಮರುಳಸಿದ್ದಮ್ಮನವರ ಪಡಸಾಲೆಯಲ್ಲಿ. ನಾನು ಮಾತಾಡುವಾಗ ಅವರು ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಾ ಕೂರುತ್ತಾರೆ. ಸೊಪ್ಪು ಬಿಡಿಸಿ ಮುಗಿದಿದ್ದರೂ ಕೂರುತ್ತಾರೆ.

“ಯುಗಾದಿಗಾದ್ರೂ ಬಂದ್ಬಿಡು. ಬ್ಯಾಂಕಿನವರು ಕ್ವಾರ್ಟರ್ಸ್ ಕೊಟ್ಟು ಎಷ್ಟು ದಿನ ಆತು. ಅಮ್ಮಗೂ ಒಲೆ ಮುಂದೆ ನಿಲ್ಲಾಕೆ ಆಗ್ತಿಲ್ಲ” ಎಂದರು. ಸರ್ವರ್ ವಿಷಯ ಹೇಳಿದೆ. “ಆ ಡಬ್ಬಿ ಯಾವತ್ತು ಸರಿ ಇತ್ತು?” ಎಂದು ನಕ್ಕರು. ಸರಿಯಾದ ಕೂಡಲೇ ಬರ್ತೀನ್ರೀ ಅಂದೆ. ಅವರು ಹೇಳುವುದರಲ್ಲಿ ತಪ್ಪೇನೂ ಇಲ್ಲ. ನನಗೂ ಸಾಕಾಗಿದೆ.

ಮಾರ್ಚ್ 7, ಸೋಮವಾರ

ನೂರು. ಮೆಮೊರಿ ಹೆಚ್ಚಿಸಿದ್ದಕ್ಕೆ ಬೀಳುವುದು ಸ್ವಲ್ಪ ತಡವಾಯಿತು, ಬಿದ್ದ ಮೇಲೆ ಏಳುವುದು ಇನ್ನೂ ತಡವಾಯಿತು. ತಲೆನೋವು. ಊಟ ಬೇಡವೆನಿಸಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಮಲಗಿದೆ.

ಮಾರ್ಚ್ 11, ಶುಕ್ರವಾರ

ಸೋಮವಾರವೇ ಯಾಕೆ?

ಮರುಳಸಿದ್ದಮ್ಮನವರನ್ನು ಸುಮ್ಮನೆ ಕೇಳಿದೆ. “ಅಷ್ಟೂ ಗೊತ್ತಿಲ್ಲೇನು? ಸೋಮವಾರ ಎತ್ತು ಹೂಡಂಗಿಲ್ಲ. ಬಸವಣ್ಣನ ವಾರ. ಹೊಲದ ಕೆಲಸ ಇರಂಗಿಲ್ಲ, ಹೆಂಗಸರು ಮಕ್ಕಳನ್ನ ಕಟ್ಟಿಕೊಂಡು ದವಾಖಾನಿಗೆ ಬರ್ತಾರ” ಎಂದರು. ಸರಿ, ಮಂದಿ ಹೆಚ್ಚು, ಅದಕ್ಕೆ ಹೊರೆ ಹೆಚ್ಚು ಅಂದುಕೊಂಡೆ. ಆದರೆ ದಾಖಲೆ ತೆಗೆದು ನೋಡಿದರೆ ಗುರುವಾರ ಸಂತೆಗೆ ಬಂದ ಗಂಡಸರೆಲ್ಲ ಬಿಪಿ, ಸಕ್ಕರೆ ತೋರಿಸಿಕೊಂಡು ಹೋಗುತ್ತಾರೆ, ಅವತ್ತಿನ ಮಂದಿಯೂ ಅಷ್ಟೇ ಇದೆ. ಗುರುವಾರ ಸಿಪಿಯು ಇಪ್ಪತ್ತು ದಾಟುವುದಿಲ್ಲ. ಮಂದಿ ಅಷ್ಟೇ, ಯಂತ್ರ ಅದೇ, ಸೋಮವಾರ ಮಾತ್ರ ಯಾಕೆ ಸಾಯುತ್ತದೆ?

ಇದನ್ನು ಬರೆಯುವಾಗ ಗೊತ್ತಾಯಿತು, ಇವತ್ತಿಡೀ ತಲೆನೋವು ಬಂದಿಲ್ಲ.

ಮಾರ್ಚ್ 14, ಸೋಮವಾರ

ಇವತ್ತು ಅದು ಬೀಳಲಿ ಅಂತ ಕಾಯುತ್ತಾ ಕೂತಿದ್ದೆ. ಬಿತ್ತು. ಕೂಡಲೇ ನಿಲ್ಲಿಸಿ ಶುರು ಮಾಡುವ ಬದಲು ಥ್ರೆಡ್ ಡಂಪ್ ತೆಗೆದೆ. ಅಂದರೆ ಜಾವಾ ಪ್ರೋಗ್ರಾಂನ ಒಳಗೆ ಕೆಲಸ ಮಾಡುವ ಪ್ರತಿಯೊಂದು ಕೈಯೂ ಆ ಕ್ಷಣ ಏನು ಹಿಡಿದುಕೊಂಡಿದೆ ಎನ್ನುವುದರ ಚಿತ್ರ. ಅಜ್ಜಯ್ಯನವರು ಬಾಗಿಲಲ್ಲಿ ನಿಂತು “ಮದ್ಲು ಚಾಲೂ ಮಾಡ್ರಿ, ಆಮ್ಯಾಲ ಫೋಟೋ ತಗೀರಿ” ಎಂದು ಕೂಗುತ್ತಿದ್ದರು. ಮೂರು ಸಲ ತೆಗೆದೆ, ನಡುವೆ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು.

ಸಿಪಿಯು ತಿನ್ನುತ್ತಿರುವ ಥ್ರೆಡ್‌ಗಳ, ಅಂದರೆ ಆ ಕೈಗಳ, ಸಂಖ್ಯೆ ಹಿಡಿದು ಡಂಪ್‌ನಲ್ಲಿ ಹುಡುಕಿದೆ. ಮೂರರಲ್ಲೂ ಅವೇ ಥ್ರೆಡ್‌ಗಳು, ಅದೇ ಜಾಗ: ಹಳೆಯ ರೋಗಿಯ ದಾಖಲೆ ಹುಡುಕುವ ಕಡೆ, ಅದರಲ್ಲೂ ಹೆಸರನ್ನು ಉಚ್ಚಾರದ ಮೇಲೆ ಹೋಲಿಸುವ ಸಾಲು. ಕೊಟ್ರಮ್ಮ ಎನ್ನುವುದನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ, ಅದಕ್ಕೇ ಆ ಹೋಲಿಕೆ.

ಇಷ್ಟು ದಿನ ವೈರಸ್ಸು, ಕರೆಂಟು, ಸೆಕೆ, ಇಸ್ಪೀಟು ಅಂತ ಯಾರ್ಯಾರ ಮೇಲೋ ಹಾಕುತ್ತಿದ್ದೆವು. ಇವತ್ತು ಕಳ್ಳ ಯಾವ ಓಣಿಯಲ್ಲಿ ಇದ್ದಾನೆ ಅಂತಾದರೂ ಗೊತ್ತಾಯಿತು. ಯಾರಿಗಾದರೂ ಹೇಳಬೇಕೆನಿಸಿತು. ಯಾರಿಗೆ ಹೇಳಲಿ?

ಮಾರ್ಚ್ 16, ಬುಧವಾರ

ಓಣಿ ಗೊತ್ತಾದರೆ ಏನು ಬಂತು? ನಾನೇ ಕೂತು ನೂರಾರು ಹೆಸರು ಹುಡುಕಿ ನೋಡಿದೆ. ರೋಗಿಯ ಹೆಸರು, ಗಂಡನ ಅಥವಾ ತಂದೆಯ ಹೆಸರು. ಎರಡನ್ನೂ ತುಂಬದಿದ್ದರೆ ಪರದೆ ಮುಂದಕ್ಕೆ ಬಿಡುವುದೇ ಇಲ್ಲ. ತುಂಬಿದರೆ ಪ್ರೋಗ್ರಾಂ ಮೊದಲು ಗಂಡನ ಹೆಸರಿನ ಮೇಲೆ ಹತ್ತಿಪ್ಪತ್ತು ದಾಖಲೆ ಆರಿಸಿ, ಆಮೇಲೆ ಅಷ್ಟನ್ನು ಮಾತ್ರ ಹೋಲಿಸುತ್ತದೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಉತ್ತರ. ನನ್ನ ಕೈಯಲ್ಲಿ ಅದು ಬೀಳುವುದೇ ಇಲ್ಲ.

ಸುಸ್ತು.

ಮಾರ್ಚ್ 20, ಭಾನುವಾರ

ಇವರ ಫೋನು. ಕಳ್ಳನ ಓಣಿ ಸಿಕ್ಕಿದ್ದನ್ನು ಹೇಳೋಣವೆಂದು ಶುರು ಮಾಡಿದೆ. “ಹ್ಞೂಂ, ಹ್ಞೂಂ” ಎಂದರು. ಹಿಂದೆ ಟಿವಿಯಲ್ಲಿ ಕ್ರಿಕೆಟ್ ಕೇಳುತ್ತಿತ್ತು. “ಯುಗಾದಿಗೆ ಎಷ್ಟು ದಿನ ಐತಿ ನೋಡ್ಕೋ” ಎಂದು ಇಟ್ಟರು.

ಕಂಪನಿಯವರು ಹೋಗುವಾಗ ಕೊಟ್ಟಿದ್ದ ಮೂಲ ಪ್ರೋಗ್ರಾಂನ ಸಿಡಿ ಹುಡುಕಿ ತೆಗೆದಿದ್ದೇನೆ. ಹುಡುಕುವ ಕಡೆ ಒಂದು ಸಾಲು ಸೇರಿಸಿದೆ. ನಾಳೆಯಿಂದ ಯಾವ ಕೌಂಟರಿನಿಂದ ಏನು ಹುಡುಕಿದರೂ ಒಂದು ಕಡೆ ಬರೆದಿಟ್ಟುಕೊಳ್ಳುತ್ತದೆ.

ಮಾರ್ಚ್ 21, ಸೋಮವಾರ

ಸಿಕ್ಕಿತು. ಸಿಕ್ಕಿದ ಕೂಡಲೇ ಮೈಯೆಲ್ಲ ಉರಿದುಹೋಯಿತು.

ಪ್ರೋಗ್ರಾಂ ಬಿದ್ದ ಪ್ರತಿ ಸಲವೂ ಅದರ ಹಿಂದೆ ಶೃತಿಯ ಕೌಂಟರ್. ರೋಗಿಯ ಹೆಸರು ನಾಗಮ್ಮ, ಗಂಡನ ಹೆಸರಿನ ಜಾಗದಲ್ಲಿ ಶೇಕಡಾ ಗುರುತು. ಹನುಮಕ್ಕ, ಶೇಕಡಾ ಗುರುತು. ಕೊಟ್ರಮ್ಮ, ಶೇಕಡಾ ಗುರುತು. ಹುಡುಕಾಟದಲ್ಲಿ ಆ ಗುರುತು ಹಾಕಿದರೆ ‘ಯಾರಾದರೂ ಸರಿ’ ಎಂದು ಅರ್ಥ. ಐದೂ ದವಾಖಾನೆಗಳ ಅಷ್ಟೂ ರೋಗಿಗಳನ್ನು ಎಳೆದು ತಂದು ಒಬ್ಬೊಬ್ಬರ ಹೆಸರನ್ನೂ ಹೋಲಿಸು ಅಂತ ಯಂತ್ರಕ್ಕೆ ಹೇಳಿದ ಹಾಗೆ. ಉತ್ತರ ತಡವಾದರೆ ಇವಳು ಮತ್ತೊಮ್ಮೆ ಒತ್ತುತ್ತಾಳೆ. ಹಳೆಯದೂ ಓಡುತ್ತಿರುತ್ತದೆ, ಹೊಸದೂ ಓಡುತ್ತದೆ.

ಎಲ್ಲರ ಎದುರಿಗೇ ಬೈದುಬಿಟ್ಟೆ. “ಹೆಸರು ಕೇಳಿ ಬರೆಯೋಕೆ ಸೋಮಾರಿತನವಾ? ನಿನ್ನಿಂದ ಇಡೀ ಆಸ್ಪತ್ರೆ ನಿಂತಿದೆ!” ಎಂದೆ. ಅವಳ ಕಣ್ಣಲ್ಲಿ ನೀರು ತುಂಬಿತು. “ಟ್ರೇನಿಂಗ್ ಕೊಡಾಕ ಬಂದ ಸಾರೇ ಹೇಳಿದ್ರು ಮೇಡಂ, ಗೊತ್ತಿಲ್ಲಂದ್ರ ಇದನ್ನ ಒತ್ರಿ ಅಂತ” ಎಂದಳು. ಅಜ್ಜಯ್ಯನವರು ಕೇಳಿಸಿಕೊಂಡು ಏನೂ ಹೇಳದೆ ಹೋದರು. ಏನೂ ಹೇಳದಿದ್ದರೆ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು ಎಂದೇ ಅರ್ಥ.

ಮಾರ್ಚ್ 23, ಬುಧವಾರ

ನಿನ್ನೆ ಶೃತಿ ಬರಲಿಲ್ಲ. ಇವತ್ತು ಬಂದಳು. ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತು, “ನಾನು ಸೋಮಾರಿ ಅಲ್ರಿ ಮೇಡಂ. ಅವರು ಹೇಳಂಗಿಲ್ಲ” ಎಂದಳು.

“ಏನು ಹೇಳಲ್ಲ?”

“ಗಂಡನ ಹೆಸರು. ಗುರುವಾರದ ಗಂಡಸರು ಅಪ್ಪನ ಹೆಸರು ತಟ್ಟನ ಹೇಳ್ತಾರ, ಸೋಮವಾರದ ಹೆಂಗಸರು ಗಂಡನ ಹೆಸರು ಹೇಳಂಗಿಲ್ಲ. ಹಿಂದ ನಾಕು ಮಂದಿ ಗಂಡಸರು ನಿಂತಿರ್ತಾರ. ಜೋರು ಮಾಡಿದ್ರ ಅಳ್ತಾರ, ಇಲ್ಲಾ ಹಂಗ ಮನಿಗೆ ಹೋಗಿಬಿಡ್ತಾರ, ತೋರಿಸಿಕೊಳ್ಳದ. ಮದ್ಲು ಚೀಟಿ ಇದ್ದಾಗ ಆ ಜಾಗ ಖಾಲಿ ಬಿಡ್ತಿದ್ವಿ. ಇದು ಖಾಲಿ ಬಿಟ್ರ ತಗಣಂಗಿಲ್ಲ. ಬರೋ ಸೋಮವಾರ ನೀವ ಬಂದು ಕುಂದರ್ರಿ, ನೋಡ್ರಿ.”

ಈ ಕಾಲದಲ್ಲೂ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಇವರ ನಾಚಿಕೆಗೆ ಸರ್ವರ್ ಸಾಯಬೇಕು. ಅದಕ್ಕೆ ನಾನು ಎಂಸಿಎ ಓದಿ ಇಲ್ಲಿಗೆ ಬಂದು ಬೀಳಬೇಕಾಗಿತ್ತು. ಸೋಮವಾರ ನಾನೇ ಕೂತು ಎಲ್ಲರ ಬಾಯಿಯಿಂದಲೂ ಹೇಳಿಸುತ್ತೇನೆ.

ಮಾರ್ಚ್ 28, ಸೋಮವಾರ

ಉದ್ದ ಬರೆಯಬೇಕು, ಆದರೆ ಮೈ ನೋಯುತ್ತಿದೆ.

ಬೆಳಗ್ಗೆ ಕೌಂಟರಿನಲ್ಲಿ ಶೃತಿಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಜಂಬಕ್ಕ ಅಂತ ಒಬ್ಬ ಹೆಂಗಸು ಬಂದಳು. ಗುಡೇಕೋಟೆಯವಳು, ಇಲ್ಲಿ ಮಗಳ ಮನೆಗೆ ಬಂದಿದ್ದಾಳೆ, ಮೊಣಕಾಲು ನೋವು. ಹೋದ ವರ್ಷವೂ ತೋರಿಸಿದ್ದಾಳೆ, ಕಾರ್ಡು ಊರಲ್ಲಿ ದೇವರ ಗೂಡಿನಲ್ಲಿದೆಯಂತೆ.

“ಗಂಡನ ಹೆಸರೇನವ್ವ?” ಎಂದೆ.

ಸೆರಗು ಎಳೆದುಕೊಂಡು ನೆಲ ನೋಡಿದಳು. “ಅದ, ನಮ್ಮ ಹುಡುಗರಪ್ಪ.”

“ಹೆಸರು ಹೇಳವ್ವ, ಮಷಿನ್‌ಗೆ ಬೇಕು.”

“ಮಷಿನ್‌ಗೆ ಅವರ ಹೆಸರ್ಯಾಕ ಬೇಕವ್ವ? ನೋವು ನನ್ನ ಮೊಣಕಾಲಿಗೆ ಐತಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ನನಗೂ ಛಲ ಬಂತು. ಹೇಳದಿದ್ದರೆ ಡಾಕ್ಟರ ಹತ್ತಿರ ಬಿಡುವುದಿಲ್ಲ ಎಂದೆ. ಹಿಂದಿದ್ದ ಒಬ್ಬಳು “ಒಡಪು ಹಾಕಿ ಹೇಳಬೇ ಯಕ್ಕಾ” ಎಂದು ಕೂಗಿದಳು. ಜಂಬಕ್ಕ ಬಹಳ ಹೊತ್ತು ಯೋಚಿಸಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಸಣ್ಣ ದನಿಯಲ್ಲಿ ಹೇಳಿದಳು: “ಕಂಬಳಿ ಹೊದ್ದು ಮಳಿಯಾಗ ಬಂದ್ರು, ಎಳಿ ಮರಿನ ಎದಿಗಪ್ಪಿ ತಂದ್ರು, ನನಗೊಂದು ಹೂವು ತರೋದ ಮರತಾರ, ಚೌಡಣ್ಣನವರು.”

ವರಾಂಡವೆಲ್ಲ ಗೊಳ್ಳೆಂದಿತು. ಶೃತಿ ‘ಚೌಡಣ್ಣ’ ಎಂದು ಒತ್ತಿದಳು, ದಾಖಲೆ ತಟ್ಟನೆ ಬಂತು. ಸರಿ, ಆದರೆ ಒಬ್ಬೊಬ್ಬರಿಂದಲೂ ಒಂದೊಂದು ಒಡಪು ಹಾಕಿಸುತ್ತಾ ಕೂತರೆ ಡಾಕ್ಟರು ಮನೆಗೆ ಹೋಗುವ ಹೊತ್ತಾಗುತ್ತದೆ.

ಮುಂದಿನವರನ್ನು ಕರೆಯಬೇಕೆನ್ನುವಷ್ಟರಲ್ಲಿ ಜಂಬಕ್ಕ ಕೌಂಟರಿನ ಮೇಲೆ ಮೊಣಕೈ ಊರಿದಳು. “ನನ್ನ ಬಾಯಾಗ ಹೇಳಿಸಿದಿ. ಈಗ ನೀ ಹೇಳವ್ವ ತಂಗಿ, ನಿನ್ನ ಗಂಡನ ಹೆಸರೇನು?”

ಅಷ್ಟೊಂದು ಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಏನೂ ಬರಲಿಲ್ಲ. “ಅದು... ನಮ್ಮನೆಯವರು ಬ್ಯಾಂಕಿನಲ್ಲಿದ್ದಾರೆ” ಎಂದೆ.

“ನಾ ಕೇಳಿದ್ದು ಬ್ಯಾಂಕಲ್ಲ” ಎಂದಳು ಜಂಬಕ್ಕ. ಗದ್ದಲ ಅಂದರೆ ಗದ್ದಲ. ಶೃತಿ ಕೂಡ ತಲೆ ತಗ್ಗಿಸಿಕೊಂಡು ನಗುತ್ತಿದ್ದಳು, ನಾನು ಬೈದ ಮೇಲೆ ಮೊದಲ ಸಲ ನಕ್ಕಿದ್ದು. ಜಂಬಕ್ಕ ಮಾತ್ರ ಹೋಗುವಾಗ ನನ್ನ ಕೈ ತಟ್ಟಿ, “ಇರಲಿ ಬಿಡವ್ವ, ಎಲ್ಲಾರದೂ ಅಷ್ಟ” ಎಂದಳು.

ಬೆಳಗಿನಿಂದ ನೀರು ಕುಡಿದಿರಲಿಲ್ಲ, ಬಾಯಿ ಒಣಗಿತ್ತು. ಅದಕ್ಕೇ ಹಾಗಾಗಿರಬೇಕು.

ಮಾರ್ಚ್ 29, ಮಂಗಳವಾರ

ಶೃತಿಯ ಕ್ಷಮೆ ಕೇಳಿದೆ, ಎಲ್ಲರ ಎದುರಿಗೇ. ಎಲ್ಲರ ಎದುರಿಗೆ ಬೈದವಳು ಒಳಗೆ ಕರೆದು ಕೇಳಿದರೆ ಆಗುವುದಿಲ್ಲ. “ಅಯ್ಯ, ಬಿಡ್ರಿ ಮೇಡಂ” ಎಂದು ಡಬ್ಬಿಯಿಂದ ಅರ್ಧ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಚಟ್ನಿ ಖಾರ, ಕಣ್ಣಲ್ಲಿ ನೀರು ಬಂತು. ನೆಪಕ್ಕೆ ಒಳ್ಳೆಯದೇ ಆಯಿತು.

ಇಬ್ಬರೂ ಕೂತು ಯೋಚಿಸಿದೆವು. ಆ ಹೆಂಗಸರು ಏನು ಹೇಳುತ್ತಾರೆ, ಏನು ಹೇಳುವುದಿಲ್ಲ? “ಊರು ಕೇಳಿದ್ರ ಜೋರಾಗಿ ಹೇಳ್ತಾರ್ರಿ” ಎಂದಳು. ಹೌದಲ್ಲ! ತೆಲಿಗಿ, ಹಲವಾಗಲು, ಗುಡೇಕೋಟೆ ಅಂತ ಎದೆಯುಬ್ಬಿಸಿ ಹೇಳುತ್ತಾರೆ. ಊರು, ಆಮೇಲೆ ಓಣಿ.

ಏಪ್ರಿಲ್ 3, ಭಾನುವಾರ

ಈ ಮೂರ್ನಾಲ್ಕು ದಿನ ಬರೆಯಲಿಲ್ಲ, ಹೊತ್ತೇ ಸಿಗಲಿಲ್ಲ. ಹುಡುಕಾಟ ಈಗ ಊರಿನ ಮೇಲೆ ನಡೆಯುತ್ತದೆ. ಶೇಕಡಾ ಗುರುತು ಒತ್ತಿದರೆ ತಗೊಳ್ಳುವುದಿಲ್ಲ. ಒಂದೇ ಕೌಂಟರಿನಿಂದ ಎರಡನೇ ಸಲ ಒತ್ತಿದರೆ ಹಳೆಯ ಹುಡುಕಾಟ ನಿಲ್ಲುತ್ತದೆ. ಗಂಡನ ಹೆಸರಿನ ಜಾಗ ಹಾಗೇ ಇದೆ, ಹೇಳುವವರು ಹೇಳಲಿ, ಖಾಲಿ ಬಿಟ್ಟರೂ ನಡೆಯುತ್ತದೆ.

ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಪರೀಕ್ಷೆಗೆ ಒಂದು ದಾಖಲೆ ಬೇಕಾಗಿತ್ತು, ನನ್ನದೇ ಮಾಡಿದೆ. ಸುಮಲತಾ. ಊರು ಎಂದು ಕೇಳಿತು, ಕೊಟ್ಟೂರು ಎಂದು ಬರೆದೆ. ಗಂಡನ ಹೆಸರಿನ ಜಾಗ ಖಾಲಿ ಬಿಟ್ಟು ಒತ್ತಿದೆ. ತಕರಾರಿಲ್ಲದೆ ತಗೊಂಡಿತು.

ಇವತ್ತು ಫೋನ್ ಬರುವ ಹೊತ್ತಿಗೆ ನಾನು ಮನೆಯಲ್ಲಿರಲಿಲ್ಲ. ಮರುಳಸಿದ್ದಮ್ಮನವರೇ ಎತ್ತಿ, “ಆಕಿ ದವಾಖಾನ್ಯಾಗ ಅದಾಳ್ರಿ” ಎಂದರಂತೆ.

ಏಪ್ರಿಲ್ 4, ಸೋಮವಾರ

ವರಾಂಡ ತುಂಬಿತ್ತು. ಸಿಪಿಯು ಹತ್ತು, ಹನ್ನೆರಡು. ಒಂದು ಸಲ ಹದಿನೈದಕ್ಕೆ ಏರಿತು, ಮತ್ತೆ ಇಳಿಯಿತು. ಬಾಣಂತಿಯರು ಕೂರುವ ಮೊದಲೇ ಒಳಗೆ ಹೋಗುತ್ತಿದ್ದರು.

ಶೃತಿ ಕೌಂಟರಿನಿಂದ ತಿರುಗಿ ನೋಡಿ ಹುಬ್ಬು ಹಾರಿಸಿದಳು. ನಾನು ಸಂತೋಷಕ್ಕೆ ಅತ್ತುಬಿಟ್ಟೆ, ಸರ್ವರ್ ಕೋಣೆಯ ಬಾಗಿಲು ಹಾಕಿಕೊಂಡು.

ಏಪ್ರಿಲ್ 6, ಬುಧವಾರ

ಮೀಟಿಂಗ್ ಆಯಿತು. ಕಂಪ್ಯೂಟರುಗಳು ಇರುತ್ತವೆ, ಶೃತಿ ಇರುತ್ತಾಳೆ, ನಾನೂ ಇರುತ್ತೇನೆ. ಹೀಗೆಂದು ಬರೆದ ಮೇಲೆ ನೆನಪಾಯಿತು, ನಾನು ಹೋಗುವವಳಲ್ಲವೇ?

ಅಜ್ಜಯ್ಯನವರಿಗೆ ಕಾರಣ ವಿವರಿಸಿದೆ. ಪೂರ್ತಿ ಕೇಳಿ, “ನಮ್ಮ ಮನ್ಯಾಕಿನೂ ನನ್ನ ಹೆಸರು ಹೇಳಂಗಿಲ್ಲರಿ. ಮತ್ತ ಹೋದ ತಿಂಗಳು ಇಲ್ಲಿ ತೋರಿಸಿಕೊಂಡು ಹೋದ್ಲು. ಹಂಗಾದ್ರ ನನ್ನ ಜಾಗದಾಗ...” ಎಂದು ನಿಲ್ಲಿಸಿದರು.

“ಶೇಕಡಾ ಗುರುತೇ ಇದ್ದಿರಬೇಕು ಸರ್” ಎಂದೆ.

“ಅಂದ್ರ ಯಾರಾದ್ರೂ ಸರಿ ಅಂತ!” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೋಗುವಾಗ ಶೃತಿಗೆ ಬೆನ್ನು ಆನಿಸುವ ಹೊಸ ಕುರ್ಚಿ ತರಿಸಲು ಹೇಳಿ ಹೋದರು. ಇಸ್ಪೀಟಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಏಪ್ರಿಲ್ 9, ಶನಿವಾರ, ಯುಗಾದಿ

ಬೇವು ಬೆಲ್ಲ ಮರುಳಸಿದ್ದಮ್ಮನವರ ಮನೆಯಲ್ಲೇ ಆಯಿತು. ಗುಲ್ಬರ್ಗದ ಬಸ್ಸು ಬೆಳಗ್ಗೆ ಹೊರಟು ಹೋಗಿತ್ತು. ನನಗೆ ಎಚ್ಚರವಾಗಿತ್ತು, ಹಾಸಿಗೆಯಲ್ಲೇ ಇದ್ದೆ. ಮೈಯಲ್ಲಿ ಶಕ್ತಿ ಇರಲಿಲ್ಲ. ಹರಪನಹಳ್ಳಿಯ ದವಾಖಾನೆಯಲ್ಲಿ ಲೈನ್ ಆಗಾಗ ತಪ್ಪುತ್ತಿದೆಯಂತೆ, ಅದನ್ನು ಒಂದು ದಿನ ಹೋಗಿ ನೋಡಬೇಕು.

ಏಪ್ರಿಲ್ 10, ಭಾನುವಾರ

ಫೋನ್ ಬಂತು. ಮರುಳಸಿದ್ದಮ್ಮನವರು ಸೊಪ್ಪಿನ ಮೊರ ತಂದು ಕೂತರು.

“ಹಬ್ಬಕ್ಕೂ ಬರಲಿಲ್ಲ” ಎಂದರು ಇವರು. ಸಿಟ್ಟು ಇರಲಿಲ್ಲ, ದಣಿವಿತ್ತು. ಅದು ನನಗೆ ಗುರುತು ಸಿಗುತ್ತದೆ.

“ಸಿಕ್ಕಿತು. ಸರ್ವರ್ ಸರಿಯಾಯಿತು” ಎಂದೆ.

“ಹಂಗಾದ್ರೆ ಇನ್ನೇನು? ನಾಳೆ ಬೆಳಗಿನ ಬಸ್ಸಿಗೆ ಹೊರಡ್ತೀಯಾ?”

ಕಾದೆ. ಏನಾಗಿತ್ತು ಅಂತ ಕೇಳುತ್ತಾರೇನೋ ಎಂದು ಕಾದೆ. ಜಂಬಕ್ಕನ ಒಡಪು ಹೇಳಬೇಕೆಂದಿತ್ತು, ಕೇಳಿದ್ದರೆ ನಕ್ಕಿರುತ್ತಿದ್ದರು. ಲೈನಿನಲ್ಲಿ ಬರೀ ಗೊರಗೊರ ಸದ್ದು.

“ಅರುಣಕುಮಾರ್, ನಾನು ಬರೋದಿಲ್ಲ” ಎಂದೆ.

ಆ ಕಡೆಯಿಂದ ಮೆಲ್ಲಗೆ, “ಏನಂದೆ?” ಎಂದರು.

ಮತ್ತೊಮ್ಮೆ ಹೇಳಿದೆ. ನನ್ನ ಕೆಲಸ ಇಲ್ಲಿದೆ, ನೀವು ರಜೆ ಸಿಕ್ಕಾಗ ಬನ್ನಿ, ನಾನೂ ಬಂದು ಹೋಗುತ್ತೇನೆ, ಅತ್ತೆಗೆ ಅಡುಗೆಗೆ ಯಾರನ್ನಾದರೂ ಇಡೋಣ ಎಂದೆ. ಅವರು “ನೋಡೋಣ” ಎಂದು ಇಟ್ಟರು. ಅಳು ಬರಲಿಲ್ಲ.

ತಿರುಗಿದರೆ ಮರುಳಸಿದ್ದಮ್ಮನವರ ಕೈಯಲ್ಲಿ ಮೆಂತ್ಯದ ಕಟ್ಟು ಹಾಗೇ ನಿಂತಿತ್ತು. “ಏನವ್ವ, ಹೆಸರು ಹಿಡಿದು ಕರದುಬಿಟ್ಟೆಲ್ಲ!” ಎಂದರು.

ಕರೆದೆನೇ? ಇರಬಹುದು. ಲೈನ್ ಸರಿಯಿರಲಿಲ್ಲ, ಕೇಳಿಸಲಿ ಅಂತ ಕರೆದಿರಬೇಕು.

ಕೂತು ಅವರ ಜೊತೆ ಸೊಪ್ಪು ಬಿಡಿಸಿದೆ. ನಾಳೆ ಸೋಮವಾರ, ಎತ್ತು ಹೂಡದ ದಿನ. ಬೇಗ ಹೋಗಬೇಕು.